ಅಂಟು ಕಾಯಿಸಿದವಳ ಮುಖ

ಅಪ್ಪ ನಮ್ಮ ಹೋಬಳಿಯ ಟಾಕೀಸಿಗೆ ವಾಲ್‌ಪೋಸ್ಟ್ ಅಂಟಿಸುತ್ತಿದ್ದ. ರಾತ್ರಿ ಅವ್ವ ಒಲೆ ಮುಂದೆ ಕೂತು ಮೈದಾಹಿಟ್ಟಿನ ಅಂಟು ಕಾಯಿಸೋಳು. ಬೆಳಕು ಹರಿಯುವ ಮೊದಲೇ ಅಪ್ಪ ಸೈಕಲ್ಲಿಗೆ ಬಕೆಟ್ ತಗುಲಿಸಿಕೊಂಡು ಹೊರಡುತ್ತಿದ್ದ. ಮೇಲ್ಜಾತಿಯವರ ಮನೆಯ ಹೊರಗೋಡೆಗೆ ಅವನ ಕೈ ತಾಗಬಹುದಿತ್ತು, ಜಗಲಿಗೆ ತಾಗುವಂತಿರಲಿಲ್ಲ. ಮಿಕ್ಕ ಪೋಸ್ಟರು ನಮ್ಮ ಗುಡಿಸಲ ಗೋಡೆಗೆ. ಒಂದಿನ ಕೇಳಿದೆ: ‘ಅವ್ವಾ, ಇವ್ರಲ್ಲಿ ನಿನ್ನಂಥೋರು ಯಾಕಿಲ್ಲ?’ ಅವ್ವ ನಕ್ಕಳು. ‘ನಮ್ ಮಕ ನೋಡಕ್ಕೆ ಯಾರ್ ದುಡ್ಡು ಕೊಟ್ಟಾರು, ಮಗಾ?’

ಪೋಸ್ಟರಿನ ಹೆಣ್ಣು ಬದಲಾಗಿದ್ದಾಳೆ ಅಂತ ತಿಳಿದವರು ಹೇಳುತ್ತಾರೆ. ನಿಜ. ಗಂಡನ ಕಾಲ ಬಳಿ ಕೈಮುಗಿದು ಕೂತ ಪೌರಾಣಿಕ ಸತಿ ಎದ್ದು ನಿಂತಳು. ‘ಶರಪಂಜರ’ಕ್ಕೆ ಜನ ಬಂದದ್ದು ಕಲ್ಪನಾ ಅಭಿನಯ ನೋಡಲು. 2004ರ ‘ದುರ್ಗಿ’ಯಲ್ಲಿ ಮಾಲಾಶ್ರೀ ಗಂಡಸರನ್ನು ಹೊಡೆದುರುಳಿಸಿದರು. ನಡುನಡುವೆ ಹೆಣ್ಣಿನ ತೊಡೆ, ಸೊಂಟಗಳನ್ನು ತುಂಡು ಮಾಡಿ ಮಾರಿದ ಪೋಸ್ಟರುಗಳೂ ಬಂದವು. ಈಗ ಫ್ಲೆಕ್ಸಿನಲ್ಲಿ ಹೀರೋ ಎಷ್ಟೋ ಸಲ ಆಳೆತ್ತರ ಮೀರಿ ಬೆಳೆದಿರುತ್ತಾನೆ. ಹೀರೋಯಿನ್‌ಗೆ ಮೂಲೆಯಲ್ಲಿ ಅಂಗೈಯಗಲ ಜಾಗ.

ಆದರೆ ನನ್ನ ಪ್ರಶ್ನೆ ಬೇರೆ. ಗೋಡೆಯ ಮೇಲೆ ಕಾಣಿಸಿಕೊಂಡ ಮಾತ್ರಕ್ಕೆ ಹೆಣ್ಣಿಗೆ ಘನತೆ ಬಂತೆ?

1957ರ ಹಿಂದಿ ಚಿತ್ರ ‘ಮದರ್ ಇಂಡಿಯಾ’ದ ಪೋಸ್ಟರು ನೆನೆಯಿರಿ. ನರ್ಗಿಸ್ ಹೆಗಲ ಮೇಲೆ ನೇಗಿಲು. ದುಡಿಯುವ ಹೆಣ್ಣನ್ನು ಗೋಡೆ ತುಂಬ ತಂದದ್ದು ಸಣ್ಣ ಮಾತಲ್ಲ. ಆದರೆ ಆ ತಾಯಿ ಕೊನೆಗೆ ಯಾರ ಮೇಲೆ ಗುಂಡು ಹಾರಿಸುತ್ತಾಳೆ? ತನ್ನ ಹಸಿವನ್ನೇ ಹಿಡಿದು ಮೈ ಕೇಳಿದ ಸಾಹುಕಾರನ ಮೇಲಲ್ಲ. ಆ ಸಾಹುಕಾರನ ಮಗಳ ಮಾನ ಕಾಯಲು ಸ್ವಂತ ಮಗನ ಮೇಲೆ. ಇನ್ನೊಂದು ಹೆಣ್ಣಿನ ಮಾನ ಕಾದದ್ದು ತಪ್ಪಲ್ಲ. ಅವಳ ಮಾನಕ್ಕೆ ಕೈ ಹಾಕಿದಾಗ ಊರು ಎಲ್ಲಿತ್ತು ಅಂತ ಕೇಳುತ್ತಿದ್ದೇನೆ. ಹೊರೆ ಹೊತ್ತರೆ ಹೆಣ್ಣಿಗೆ ಪೂಜೆ, ಲೆಕ್ಕ ಕೇಳಿದರೆ?

ಕಾಣಿಸಿಕೊಂಡದ್ದೇ ಅಪರಾಧವಾದವಳೂ ಇದ್ದಾಳೆ. 1930ರ ಸುಮಾರಿಗೆ ತಿರುವನಂತಪುರದಲ್ಲಿ ತೆರೆಕಂಡ ‘ವಿಗತಕುಮಾರನ್’ ಮಲಯಾಳಂನ ಮೊದಲ ಚಿತ್ರ. ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ಅದರಲ್ಲಿ ನಾಯರ್ ಹೆಣ್ಣಾಗಿ ನಟಿಸಿದಳು. ಮೇಲ್ಜಾತಿಯವರು ಕಲ್ಲೆಸೆದರು. ಆಕೆ ಊರು ಬಿಟ್ಟು, ಹೆಸರು ಬಿಟ್ಟು ತಮಿಳುನಾಡು ಸೇರಬೇಕಾಯಿತು. ಆಕೆಯದೇ ಎಂದು ಖಚಿತವಾಗಿ ಹೇಳಬಲ್ಲ ಒಂದು ಭಾವಚಿತ್ರವೂ ಇವತ್ತು ಇಲ್ಲ.

ನಮ್ಮವರ ಕತೆಯೇ ತೆರೆಗೆ ಬಂದಾಗ ಏನಾಯಿತು? 1975ರ ‘ಚೋಮನ ದುಡಿ’ ರಾಷ್ಟ್ರಪ್ರಶಸ್ತಿ ಪಡೆಯಿತು. ಚೋಮನ ಸಾಲ ತೀರಿದ್ದು ಮಗಳು ಬೆಳ್ಳಿಯ ಮೈಯಿಂದ. ಆದರೆ ಹೆಸರು ಚೋಮನದು, ದುಡಿಯೂ ಚೋಮನದು. ಬೆಳ್ಳಿಯ ದುಡಿ ಎಲ್ಲಿದೆ?

ಗೆಳೆಯರೇ, ಸಿನಿಮಾದವರನ್ನು ಬೈದು ಕೈ ತೊಳೆದುಕೊಳ್ಳೋದು ಸುಲಭ. ನಮ್ಮ ಸಮಾವೇಶಗಳ ಭಿತ್ತಿಪತ್ರ ನೋಡಿ. ಮೇಲೆತ್ತಿದ ಮುಷ್ಟಿ ಗಂಡಸಿನದು. ಭಾಷಣಕಾರರ ಪಟ್ಟಿಯೂ ಗಂಡಸರದೇ. ಹೆಣ್ಣು ಬಂದರೆ ಮಗು ಅವುಚಿಕೊಂಡು ಅಳುವವಳಾಗಿ ಬರುತ್ತಾಳೆ. ಹೋದ ವರ್ಷ ನಾನೇ ಬರೆದ ಪೋಸ್ಟರು ಹಾಗೇ ಇತ್ತು. ಅದಕ್ಕೂ ಅವ್ವನೇ ಅಂಟು ಕಾಯಿಸಿಕೊಟ್ಟಳು. ಹೊರಟಾಗ ಬಿಡಿಸಿ ನೋಡಿ ಕೇಳಿದಳು: ‘ಇವ್ಳು ಯಾಕ್ಲಾ ಅಳ್ತಾವ್ಳೆ? ಗೌಡ್ರ ಮನೆ ಮುಂದೆ ಕೂಲಿ ಕೇಳಕ್ಕೆ ನಿಂತಾಗ ನಾನು ಅತ್ತಿದ್ದ ನೋಡಿದ್ಯಾ?’

ನೋಡಿರಲಿಲ್ಲ. ಅವಳು ಅತ್ತಿರಲಿಲ್ಲ. ಕೇಳದೆ ನಾನೇ ಅಳಿಸಿದ್ದೆ.

ಒಬ್ಬರ ಮುಖವನ್ನು ಗೋಡೆಗೆ ಹಾಕುವ ಮೊದಲು ಅವರ ಮಾತು ಕೇಳಬೇಕು. ಕೇಳದೆ ಅಂಟಿಸಿದ ಪೋಸ್ಟರು ಟಾಕೀಸಿನದಾದರೇನು, ಸಂಘಟನೆಯದಾದರೇನು? ಈ ಸಲದ ಪೋಸ್ಟರು ಬರೆಯುವ ಮೊದಲು ಅವ್ವನ ಮುಂದೆ ಕೂರುತ್ತೇನೆ. ನೀವೂ ನಿಮ್ಮ ನಿಮ್ಮ ಮನೆಯ ಒಲೆ ಮುಂದೆ ಕೂತು ಕೇಳಿ.