ನಾಮಶುದ್ಧಿಯೂ ರಾಜ್ಯನೀತಿಯೂ

ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವೆಂಬ ಗಾದೆಯನ್ನು ಕೇಳಿ ನಗದವರಿಲ್ಲ. ಒಬ್ಬ ಗೃಹಸ್ಥನ ವಿಷಯದಲ್ಲಿ ಇದು ವಿನೋದವೇ ಸರಿ. ಆದರೆ ಒಂದು ರಾಜ್ಯವೇ ಕ್ಷೀರಸಾಗರಭಟ್ಟನಾದರೆ ಪ್ರಜೆಗಳ ಪಾಡೇನು? ಚೀನಾದೇಶದ ಪ್ರಾಚೀನ ತತ್ತ್ವಜ್ಞರಲ್ಲಿ ಕೆಲವರು ಈ ಪ್ರಶ್ನೆಯನ್ನು ಬಹು ಗಂಭೀರವಾಗಿ ಎಣಿಸಿದ್ದರು.

ಕ್ರಿ. ಪೂ. 551ರಿಂದ 479ರ ವರೆಗೆ ಬಾಳಿದ ಕನ್‌ಫ್ಯೂಷಿಯಸ್ ಮಹಾಶಯನನ್ನು ಅವನ ಶಿಷ್ಯನಾದ ತ್ಸು-ಲು ಎಂಬವನು ಒಮ್ಮೆ, ವೇ ರಾಜ್ಯದ ಆಡಳಿತವು ಕೈಗೆ ಬಂದರೆ ಮೊತ್ತಮೊದಲು ಏನನ್ನು ಮಾಡುವಿರೆಂದು ಕೇಳಿದನು. ಹೆಸರುಗಳನ್ನು ಸರಿಪಡಿಸುವುದೇ ಮೊದಲ ಕಾರ್ಯವೆಂದು ಗುರುವು ಉತ್ತರಕೊಟ್ಟನು. ಶೂರನೂ ಕಾರ್ಯಾತುರನೂ ಆದ ಶಿಷ್ಯನಿಗೆ ಇದು ಸುತ್ತುಬಳಸಿನ ಮಾತಾಗಿ ತೋರಿತು. ಆದರೆ ಆಗಿನ ವೇ ರಾಜ್ಯದ ಸ್ಥಿತಿಯನ್ನು ಬಲ್ಲವರಿಗೆ ಅದರ ಅರ್ಥವು ಸ್ಪಷ್ಟವಾಗುವುದು. ಅಲ್ಲಿ ಮಗನು ಸಿಂಹಾಸನದ ಮೇಲಿದ್ದನು; ಪದಚ್ಯುತನಾದ ತಂದೆಯು ಪರರಾಜ್ಯದ ಬಲವನ್ನು ನೆಚ್ಚಿ ಹೊಂಚುಹಾಕುತ್ತಿದ್ದನು. ತಂದೆ, ಮಗ, ಅರಸು ಎಂಬ ಹೆಸರುಗಳೆಲ್ಲ ಉಳಿದಿದ್ದುವು. ಅವುಗಳ ಧರ್ಮ ಮಾತ್ರ ಉಳಿದಿರಲಿಲ್ಲ. ಕ್ರಿ. ಪೂ. 480ರಲ್ಲಿ ತಂದೆಯು ಮರಳಿ ಬಂದು ಮಗನನ್ನು ಓಡಿಸಿದನು. ಆ ಗಲಭೆಯಲ್ಲಿ, ಒಡೆಯನನ್ನು ಬಿಡಿಸಲೆಂದು ಹೋದ ತ್ಸು-ಲುವೇ ಹತನಾದನು.

ನಾಮಶುದ್ಧಿಯೆಂದರೆ ನಿಘಂಟಿನ ಪರಿಷ್ಕರಣವಲ್ಲ. ಅರಸೆಂಬ ಹೆಸರನ್ನು ಹೊತ್ತವನು ಅದನ್ನು ಅನ್ವರ್ಥವಾಗಿ ಮಾಡಬೇಕೆಂಬುದೇ ಅದರ ತಾತ್ಪರ್ಯ. ಮೆನ್ಷಿಯಸನು ಈ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದನು. ಧರ್ಮವನ್ನು ಹಾಳುಗೆಡವಿದ ರಾಜನು ರಾಜನೇ ಅಲ್ಲ, ಬರಿಯ ಒಬ್ಬ ಮನುಷ್ಯ. ಅವನನ್ನು ಕೊಂದರೆ ರಾಜಹತ್ಯೆಯಾಗದೆಂದು ಒಬ್ಬ ದೊರೆಯ ಸಮ್ಮುಖದಲ್ಲಿಯೇ ಅವನು ಹೇಳಿದನು. ಇಂತಹ ಮಾತು ಅರಸರಿಗೆ ರುಚಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಮಿಂಗ್ ವಂಶದ ಪ್ರಥಮ ಚಕ್ರವರ್ತಿಯ ಆಜ್ಞೆಯಂತೆ 1394ರಲ್ಲಿ ಮೆನ್ಷಿಯಸನ ಗ್ರಂಥದಿಂದ 85 ಭಾಗಗಳನ್ನು ಕಿತ್ತುಹಾಕಲಾಯಿತು.

ಹೆಸರಿಗೂ ನಡತೆಗೂ ಹೊಂದಿಕೆಯಿರಬೇಕೆಂದು ಹಾನ್ ಫೇ ಎಂಬ ದಂಡನೀತಿಜ್ಞನೂ ಬೋಧಿಸಿದನು. ಅವನು ಹೇಳುವ ಕಥೆಯೊಂದುಂಟು. ಅರಸನೊಬ್ಬನು ಕುಡಿದು ಮಲಗಿದ್ದಾಗ, ಅವನಿಗೆ ಚಳಿಯಾದೀತೆಂದು ಕಿರೀಟದ ಊಳಿಗದವನು ಮೇಲಂಗಿಯನ್ನು ಹೊದಿಸಿದನು. ಎಚ್ಚೆತ್ತ ಅರಸನು, ಕರ್ತವ್ಯವನ್ನು ಮರೆತನೆಂದು ಅಂಗಿಯ ಊಳಿಗದವನನ್ನೂ, ಅಧಿಕಾರವನ್ನು ಮೀರಿದನೆಂದು ಕಿರೀಟದವನನ್ನೂ ಶಿಕ್ಷಿಸಿದನು. ಹೆಸರಿನ ಕಟ್ಟು ಇಲ್ಲಿಯೂ ಇದೆ. ಆದರೆ ಅದು ಆಳಿಗೆ ಮಾತ್ರ. ಕುಡಿದು ಮೈಮರೆತವನು ಅರಸೆಂಬ ಹೆಸರಿಗೆ ಯೋಗ್ಯನೇ ಎಂದು ಕೇಳುವವರಿಲ್ಲ. ಕನ್‌ಫ್ಯೂಷಿಯಸನ ಮಾರ್ಗಕ್ಕೂ ಹಾನ್ ಫೇಯ ಮಾರ್ಗಕ್ಕೂ ಇರುವ ಅಂತರವಿದೇ: ಒಂದು ಮೇಲಿನವನಿಂದ ತೊಡಗುವುದು, ಇನ್ನೊಂದು ಕೆಳಗಿನವನಲ್ಲಿಯೇ ಮುಗಿಯುವುದು.

ಎರಡನೆಯ ಮಾರ್ಗದ ಫಲವನ್ನು ಆ ದೇಶವೇ ಇಪ್ಪತ್ತನೆಯ ಶತಮಾನದಲ್ಲಿ ಉಂಡಿತು. 1958ರಲ್ಲಿ ಮಾವೋ ನಾಯಕತ್ವದ ಸರ್ಕಾರವು ಮಹಾ ಮುನ್ನಡೆಯನ್ನು ಸಾರಿದಾಗ, ಮೇಲಿನವರನ್ನು ಮೆಚ್ಚಿಸಲು ಕೆಳಗಿನ ಅಧಿಕಾರಿಗಳು ಬೆಳೆಯ ಲೆಕ್ಕವನ್ನು ಉಬ್ಬಿಸುತ್ತ ಹೋದರು. ಆ ವರ್ಷದ ಧಾನ್ಯವು 37.5 ಕೋಟಿ ಟನ್ನೆಂದು ಪ್ರಕಟವಾಯಿತು. ನಿಜವಾಗಿ ಬೆಳೆದುದು ಸುಮಾರು 20 ಕೋಟಿ. ಉಬ್ಬಿದ ಲೆಕ್ಕದ ಮೇಲೆಯೇ ಸರ್ಕಾರದ ಪಾಲು ವಸೂಲಾಯಿತು. ಕಾಗದದಲ್ಲಿ ಕ್ಷೀರಸಾಗರ; ರೈತನ ಮನೆಯಲ್ಲಿ ಗಂಜಿಯೂ ಇಲ್ಲ. ಕಾರಣಗಳು ಬೇರೆಯೂ ಇದ್ದುವು. ಆದರೂ ಸುಳ್ಳು ಲೆಕ್ಕವು ಕ್ಷಾಮವನ್ನು ಘೋರವಾಗಿಸಿತು. 1959ರ ಜುಲೈ ತಿಂಗಳಲ್ಲಿ ಲುಷಾನಿನ ಸಭೆಯ ಕಾಲಕ್ಕೆ ರಕ್ಷಣಾಮಂತ್ರಿ ಪೆಂಗ್ ಡೆಹ್ವಾಯ್ ಈ ವಿಷಯದಲ್ಲಿ ಮಾವೋಗೆ ಪತ್ರ ಬರೆದನು. ಅವನಿಗೆ ದೊರೆತುದು ಬಲಪಂಥದ ಅವಕಾಶವಾದಿಯೆಂಬ ಹೆಸರು, ಹೋದುದು ಪದವಿ. ಆ ಕ್ಷಾಮದಲ್ಲಿ ಅಳಿದವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯ ವರೆಗೆ ಅಂದಾಜುಮಾಡುವರು. ಪೆಂಗನ ಹೆಸರು ಶುದ್ಧವಾದುದು 1978ರಲ್ಲಿ, ಅವನು ಸತ್ತು ನಾಲ್ಕು ವರ್ಷಗಳಾದ ಮೇಲೆ.

ಹೆಸರುಗಳನ್ನು ಸರಿಪಡಿಸಬೇಕಾದವರು ಯಾರೆಂಬ ಪ್ರಶ್ನೆಗೆ ಪ್ರಾಚೀನರ ಉತ್ತರವು ಪೂರ್ಣವಲ್ಲವೆಂದು ಒಪ್ಪಬೇಕು. ಅವರು ಸಜ್ಜನನಾದ ಅರಸನನ್ನೂ ನಿರ್ಭೀತನಾದ ಮಂತ್ರಿಯನ್ನೂ ನೆಚ್ಚಿದರು. ಅಂತಹ ಮಂತ್ರಿಯೊಬ್ಬನಿದ್ದರೂ ಸಾಲದೆಂಬುದನ್ನು ಲುಷಾನ್ ತೋರಿಸಿಕೊಟ್ಟಿತು. ಆದುದರಿಂದಲೇ ಪತ್ರಿಕೆ, ನ್ಯಾಯಸ್ಥಾನ, ಶಾಸನಸಭೆಗಳು ಆಧುನಿಕ ರಾಜ್ಯಕ್ಕೆ ಅವಶ್ಯವಾದುವು. ಹಸಿವನ್ನು ಹಸಿವೆಂದು ಹೇಳಿದ ಸಾಮಾನ್ಯನಿಗೆ ಹಾನಿಯಾಗದಿದ್ದರೆ, ಅಲ್ಲಿ ನಾಮಶುದ್ಧಿಯು ತೊಡಗಿದೆಯೆಂದು ತಿಳಿಯಬಹುದು.

ಆದರೆ ಈ ಸಂಸ್ಥೆಗಳೂ ಹೆಸರುಗಳೇ. ಅವು ಅನ್ವರ್ಥವಾಗುವುದು ಅವುಗಳಲ್ಲಿ ಕುಳಿತವರ ನಡತೆಯಿಂದ. ಬಾರದ ಮಕ್ಕಳ ಹಾಜರಿಯನ್ನು ಬರೆಯುವ ಉಪಾಧ್ಯಾಯನೂ, ಆಗದ ಕೆಲಸಕ್ಕೆ ಸಹಿ ಹಾಕುವ ಗುಮಾಸ್ತೆಯೂ ಚಿಕ್ಕ ಸುಳ್ಳನ್ನೇ ಬರೆಯುವರು. 1958ರ ಮಹಾಲೆಕ್ಕವೂ ಅಂತಹ ಚಿಕ್ಕ ಸುಳ್ಳುಗಳ ಮೊತ್ತವಾಗಿದ್ದಿತು.