ತುಂಬಿದ ಸರೋವರದ ನ್ಯಾಯ

ಒಂದು ಒಳ್ಳೇ ಕಾರ್ಯಕ್ಕಾಗಿ ಬೇರೊಬ್ಬರ ಪಾಲನ್ನು ತಕ್ಕೊಳ್ಳುವದು ನ್ಯಾಯವೋ? ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬನ್ನು ಎತ್ತುವಾಗಲೆಲ್ಲಾ ಈ ಪ್ರಶ್ನೆಯು ಹುಟ್ಟುವದುಂಟು. ಇದನ್ನು ವಿಚಾರಿಸುವದಕ್ಕೆ ನಮ್ಮ ದೇಶದ ಈಶಾನ್ಯ ದಿಕ್ಕಿನ ಮಣಿಪುರದಲ್ಲಿರುವ ಲೋಕ್ತಾಕ್ ಸರೋವರವನ್ನು ದೃಷ್ಟಾಂತವಾಗಿ ತಕ್ಕೊಳ್ಳೋಣ.

ಇದು ಮನುಷ್ಯರು ಅಗೆದ ಕೆರೆಯಲ್ಲ. ಸ್ವಾಭಾವಿಕವಾದ ಸಿಹಿನೀರಿನ ಸರೋವರ. ಹುಲ್ಲು, ಬೇರು, ಕೊಳೆತ ಸೊಪ್ಪು, ಮಣ್ಣು ಇವು ಹೆಣೆದುಕೊಂಡು ದಪ್ಪವಾದ ಚಾಪೆಗಳಂತೆ ಇದರ ಮೇಲೆ ತೇಲುತ್ತವೆ. ಆ ಸೀಮೆಯವರು ಇವನ್ನು ಫುಮ್ದಿ ಎನ್ನುತ್ತಾರೆ. ಬೆಸ್ತರು ಇವುಗಳ ಮೇಲೆ ಗುಡಿಸಲು ಹಾಕಿಕೊಂಡು ಮೀನು ಹಿಡಿಯುವರು. ದೂರದಿಂದ ಬಂದವರು ದೋಣಿಯಲ್ಲಿ ಕೂತು ನೋಡಿ ಸಂತೋಷಪಡುವರು. ಸುಮಾರು 40 ಚದರ ಕಿಲೋಮೀಟರಿನ ಕೈಬುಲ್ ಲಾಮ್ಜಾವೋ ಉದ್ಯಾನದಲ್ಲಿ ಸಂಗಾಯ್ ಎಂಬ ಜಿಂಕೆಯು ಈ ತೇಲುವ ನೆಲದ ಮೇಲೆ ಮೇಯುತ್ತದೆ. ಸ್ವತಂತ್ರವಾಗಿ ತಿರುಗಾಡುವದಕ್ಕೆ ಲೋಕದಲ್ಲಿ ಅದಕ್ಕೆ ಬೇರೆ ಮನೆಯಿಲ್ಲ. 1975ರಲ್ಲಿ ಎಣಿಸಿದಾಗ 14 ಮಾತ್ರ ಕಂಡವು. ಕಾಪಾಡಿದ್ದರಿಂದ 2016ರ ಎಣಿಕೆಯಲ್ಲಿ 260 ಆದವು.

ಪೂರ್ವದಲ್ಲಿ ಬೇಸಗೆ ಬಂದಾಗ ನೀರು ಇಳಿದು ಆ ಚಾಪೆಗಳು ತಳದಲ್ಲಿ ಕೂಡ್ರುತ್ತಿದ್ದವು. ಬೇರುಗಳು ನೆಲದ ಸಾರವನ್ನು ಹೀರಿ, ಮಳೆಗಾಲದಲ್ಲಿ ಚಾಪೆಗಳು ಪುಷ್ಟಿಯಾಗಿ ಮೇಲಕ್ಕೇಳುತ್ತಿದ್ದವು. 1983ರಲ್ಲಿ ಇಥಾಯ್ ಎಂಬಲ್ಲಿ ನದಿಗೆ ಅಡ್ಡಕಟ್ಟೆಯನ್ನು ಹಾಕಿ, ವಿದ್ಯುಚ್ಛಕ್ತಿಗೋಸ್ಕರ ಸರೋವರವನ್ನು ವರ್ಷವೆಲ್ಲಾ ತುಂಬಿಸಿಡಲಾಯಿತು. ದೀಪಗಳು ಉರಿದವು, ಅದು ಸುಳ್ಳಲ್ಲ. ಆದರೆ ದಡದ ಗದ್ದೆಗಳು ಮುಳುಗಿದವು. ನೆಲವನ್ನು ಮುಟ್ಟದ ಚಾಪೆಗಳು ತೆಳ್ಳಗಾಗಿ, ಜಿಂಕೆಯ ಕಾಲು ಕುಸಿಯುವಂತಾಯಿತು.

ಸಾವಿರಾರು ಮನೆಗಳಿಗೆ ಬೆಳಕಾಗುವಾಗ ಒಂದು ಜಿಂಕೆಯು ಎಷ್ಟರದೆಂದು ಯಾರಾದರೂ ಕೇಳಾರು. ಗದ್ದೆಯನ್ನು ಕಳಕೊಂಡ ರೈತನನ್ನು ಅವರು ಮರೆತಿದ್ದಾರೆ. ಅದಲ್ಲದೆ, ಕಟ್ಟೆಯನ್ನು ಕಟ್ಟಿದವರು ಒಂದೇ ಕೋಲಿನಿಂದ ಅಳೆದರು. ನೀರು ಎಷ್ಟು ಎತ್ತರವೋ ಲಾಭವೂ ಅಷ್ಟೇ ಎಂದೆಣಿಸಿದರು. ನೀರಿನ ಇಳಿತವು ಅವರಿಗೆ ನಷ್ಟವಾಗಿ ಕಂಡಿತು. ಸರೋವರಕ್ಕಾದರೋ ಅದು ಊಟದ ಹೊತ್ತಾಗಿತ್ತು.

ಹಾಗಾದರೆ ದೀಪಗಳನ್ನು ಆರಿಸಬೇಕೋ? ನಾವು ಹಾಗೆ ಹೇಳುವದಿಲ್ಲ. ಬೇಸಗೆಯಲ್ಲಿ ಕೆಲವು ಕಾಲ ಬಾಗಿಲುಗಳನ್ನು ತೆರೆದು ನೀರನ್ನು ಇಳಿಯಗೊಟ್ಟರೆ ಚಾಪೆಗಳು ತಿರಿಗಿ ನೆಲವನ್ನು ಮುಟ್ಟಬಹುದು. ಇದರಿಂದ ವಿದ್ಯುತ್ತು ಕಡಿಮೆಯಾಗುವದು ನಿಜ. ಆದರೆ ಲಾಭವನ್ನು ಉಂಡವರೇ ಆ ನಷ್ಟದಲ್ಲಿ ಮೊದಲನೇ ಪಾಲನ್ನು ಹೊರುವದು ನ್ಯಾಯ.

ಪ್ರಿಯ ವಾಚಕರೇ, ಜಿಂಕೆಯು ಪಂಚಾಯತಿಗೆ ಬಂದು ಮಾತಾಡಲಾರದು. ಕಡೇ ಗದ್ದೆಯ ಬಡವನು ಬಂದರೂ ಅನೇಕ ಸಾರಿ ಬಾಯಿ ತೆರೆಯಲಾರನು. ಆದಕಾರಣ ನೀರನ್ನು ಹಂಚುವಾಗ ಮಾತಾಡಿದವರ ಪಾಲನ್ನು ಮಾತ್ರವಲ್ಲ, ಸುಮ್ಮನಿದ್ದವರ ಪಾಲನ್ನೂ ಎಣಿಸಿ ಇಡತಕ್ಕದ್ದು.