ತಿಳಿದವನ ಲಾಭ

ಹಕ್ಕಿ ನೋಡುವ ಹುಚ್ಚು ಹತ್ತಿದವರಿಗೆ ಬೇಗನೆ ಇನ್ನೊಂದು ಹುಚ್ಚೂ ಅಂಟಿಕೊಳ್ಳುತ್ತದೆ: ಒಳ್ಳೆಯ ಬೈನಾಕ್ಯುಲರ್ ಕಡಿಮೆ ಬೆಲೆಗೆ ಎಲ್ಲಿ ಸಿಕ್ಕೀತು ಎಂಬ ಹುಡುಕಾಟ. ಒಳ್ಳೆಯ ಹೊಸದು ವಿದ್ಯಾರ್ಥಿಯ ಜೇಬಿಗೆ ನಿಲುಕುವುದಿಲ್ಲ. ನಿಲುಕುವುದರಲ್ಲಿ ಬಹುಪಾಲು ಆಟಿಕೆ. ಡಬ್ಬದ ಮೇಲೆ ‘ನೂರು ಪಟ್ಟು’ ಎಂದು ಬರೆದಿದ್ದರೆ ಅಲ್ಲೇ ಬಿಟ್ಟು ಬರಬಹುದು. ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗುವುದರಿಂದ ಎಂಟು, ಹತ್ತು ಪಟ್ಟಿಗಿಂತ ಹೆಚ್ಚಿನದನ್ನು ಬರಿಗೈಯಲ್ಲಿ ಹಿಡಿದು ನೋಡುವುದು ಕಷ್ಟ. ಹಾಗಾಗಿ ಕಣ್ಣು ಹಳೆಯದರ ಕಡೆಗೆ ಹೊರಳುತ್ತದೆ: ಬೆಂಗಳೂರಿನ ಸಂಡೆ ಬಜಾರು, ಗುಜರಿ ಅಂಗಡಿ, ಮನೆ ಖಾಲಿ ಮಾಡುವವರ ಅಟ್ಟ.

ಹಳೆಯದನ್ನು ಪರೀಕ್ಷಿಸುವ ವಿದ್ಯೆ ದೊಡ್ಡದೇನಲ್ಲ. 8×42 ಎಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿ.ಮೀ. ಎಂದು ಅರ್ಥ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ, 5.25 ಮಿ.ಮೀ. ತೋಳಿನಷ್ಟು ದೂರ ಹಿಡಿದು ಆಕಾಶದತ್ತ ತಿರುಗಿಸಿದಾಗ ಆ ವೃತ್ತ ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಕಾಣಬಾರದು. ಒಂದು ಬದಿಯಿಂದ ಟಾರ್ಚ್ ಬಿಟ್ಟರೆ ಒಳಗಿನ ಬೂಷ್ಟು ಜೇಡರಬಲೆಯ ಹಾಗೆ ತೋರುತ್ತದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಗಾಜಿನಲ್ಲಂತೂ ಮೊದಲು ನೋಡಬೇಕಾದದ್ದೇ ಇದು. ಎರಡು ಕೊಳವೆಗಳು ಒಂದೇ ದಿಕ್ಕಿಗೆ ನೋಡದಿದ್ದರೆ ಸ್ವಲ್ಪ ಹೊತ್ತಿನಲ್ಲೇ ತಲೆನೋವು. ಇಷ್ಟು ತಿಳಿದರೆ ಸಾಕು, ಎಷ್ಟೋ ಸಲ ಕೊಳ್ಳುವವನು ಮಾರುವವನಿಗಿಂತ ಜಾಣನಾಗಿಬಿಡುತ್ತಾನೆ. ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ.

ಮೈಸೂರಿನ ಒಂದು ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಸಾಮಾನುಗಳನ್ನು ಮಾರುತ್ತಿದ್ದರು. ಹಳೆಯ ಪತ್ರಿಕೆಗಳ ಪಕ್ಕದಲ್ಲಿ ಕಾರ್ಲ್ ಝೈಸ್ ಯೇನಾದ 8×30 ಒಂದು ಇತ್ತು. ಬೂಷ್ಟಿಲ್ಲ, ವೃತ್ತ ದುಂಡಗಿದೆ. “ಐನೂರು ಕೊಡಿ ಸಾಕು” ಎಂದರು ಆ ಮನೆಯ ಅಮ್ಮ. “ಅಮ್ಮಾ, ಇದು ಅದರ ಹಲವು ಪಟ್ಟು ಬೆಲೆ ಬಾಳುತ್ತದೆ” ಎಂದೆ. ಅವರು ಅದನ್ನು ಮಾರದೆ ಶೋಕೇಸಿನಲ್ಲಿ ಇಟ್ಟರು. ಗೆಳೆಯರು ನನ್ನನ್ನು ಪೆದ್ದ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ಆ ಗಾಜಿನಿಂದ ಇನ್ನು ಯಾರೂ ಒಂದು ಮಿಂಚುಳ್ಳಿಯನ್ನೂ ನೋಡುವುದಿಲ್ಲ.

ಈ ಜಗಳ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಬರುತ್ತಾನೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಅವನ ಹಡಗು ಮೊದಲು ಬಂದಿದೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಅವನೊಬ್ಬನಿಗೆ ಗೊತ್ತು. ಹೇಳಬೇಕೇ? ಮುಚ್ಚಿಡುವುದು ಬೇರೆ, ಹೇಳದಿರುವುದು ಬೇರೆ ಎನ್ನುತ್ತಾನೆ ಡಯೋಜೆನಿಸ್ (ಬ್ಯಾಬಿಲೋನಿನವನು, ಪೀಪಾಯಿಯಲ್ಲಿ ಬದುಕಿದವನಲ್ಲ). ಎಲ್ಲವನ್ನೂ ಹೇಳಬೇಕು ಎನ್ನುತ್ತಾನೆ ಅವನ ಶಿಷ್ಯ ಆಂಟಿಪೇಟರ್. ಅದೇ ಪುಸ್ತಕದಲ್ಲಿ ಕೊಳ್ಳುವವನೂ ಒಬ್ಬನಿದ್ದಾನೆ. ಜಮೀನಿಗೆ ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ಸ್ಕೇವೋಲ ತಾನಾಗಿಯೇ ಒಂದು ಲಕ್ಷ ಸೆಸ್ಟರ್ಸ್ ಸೇರಿಸಿ ಕೊಟ್ಟ. ಒಳ್ಳೆಯವನು, ಆದರೆ ಜಾಣನಲ್ಲ ಎಂದರಂತೆ ಜನ. ನನ್ನ ಗೆಳೆಯರೂ ಅದನ್ನೇ ಅಂದದ್ದು.

ಕಲಿತ ವಿದ್ಯೆಗೆ ಫಲ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ನನಗೆ ಈ ವಿದ್ಯೆ ಬಂದದ್ದು ಕೆರೆ ಏರಿಯ ಮೇಲೆ, ಹಿರಿಯ ಹಕ್ಕಿವೀಕ್ಷಕರಿಂದ, ಪುಕ್ಕಟೆಯಾಗಿ. ಇನ್ನೊಂದು ಮಾತು: ಆ ಅಮ್ಮ ಬೂಷ್ಟನ್ನು ಮುಚ್ಚಿಟ್ಟು ಮಾರಿದ್ದರೆ ನಾನು ಅದನ್ನು ಮೋಸ ಎನ್ನುತ್ತಿದ್ದೆ. ಗಾಜಿನ ಗುಣವನ್ನು ನಾನು ಮುಚ್ಚಿಟ್ಟರೆ ಮಾತ್ರ ಅದು ಹೇಗೆ ಜಾಣತನವಾಗುತ್ತದೆ?

ಬೆಲೆ ಕಟ್ಟುವುದೇ ಕಸುಬಾದ ಗುಜರಿ ಸಾಹುಕಾರನ ಜೊತೆ ಚೌಕಾಸಿ ಮಾಡಲು ನನಗೆ ಅಳುಕಿಲ್ಲ. ಅವನು ನನ್ನ ಮುಖ ನೋಡಿಯೇ ದರ ಏರಿಸುವವನು. ಆದರೆ ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿ, ಮುರಿದ ಚಾರ್ಜರುಗಳ ನಡುವೆ ಒಂದು ಒಳ್ಳೆಯ ಗಾಜನ್ನು ಇಟ್ಟುಕೊಂಡು ಕೂತ ಹುಡುಗ? ಅವನು ವ್ಯಾಪಾರಿಯೂ ಹೌದು, ತಿಳಿಯದವನೂ ಹೌದು. ಅಂಥ ಕಡೆ ಅವನು ಹೇಳಿದ ಬೆಲೆಯನ್ನು ಒಂದು ರೂಪಾಯಿಯೂ ಇಳಿಸದೆ ಕೊಟ್ಟುಬಿಡುತ್ತೇನೆ. ಸ್ಕೇವೋಲನ ಲೆಕ್ಕದಲ್ಲಿ ಅದು ಸಾಲದು.